ನಡುರಸ್ತೆಯ ಗೆರೆ

ಇಂಗ್ಲಿಷಿನ ‘ಓವರ್‌ಟೇಕ್’ ಎಂಬ ಮಾತಿಗೆ ಕನ್ನಡದಲ್ಲಿ ಹಿಂದಿಕ್ಕುವುದು, ಹಿಂದೆ ಹಾಕುವುದು ಎಂದು ನಾವು ಬರೆಯುತ್ತೇವೆ. ಪತ್ರಿಕೆಗಳಲ್ಲಿಯೂ ಹಾಗೆಯೇ ಅಚ್ಚಾಗುತ್ತದೆ. ಆದರೆ ದಿನ ಬೆಳಗಾದರೆ ಅದೇ ಕೆಲಸ ಮಾಡುವ ನಮ್ಮ ಲಾರಿ, ಬಸ್ಸುಗಳ ಡ್ರೈವರರ ಬಾಯಲ್ಲಿ ಅದು ‘ಸೈಡ್ ಹೊಡೆಯುವುದು’. ಮುಂದಿನ ಗಾಡಿಯವನು ಸರಿದು ದಾರಿ ಬಿಟ್ಟರೆ ಅವನು ‘ಸೈಡ್ ಕೊಟ್ಟ’ ಎಂದು ಲೆಕ್ಕ. ಕೊಡುವವನೊಬ್ಬ, ಹೊಡೆಯುವವನೊಬ್ಬ, ಈ ಇಬ್ಬರ ನಡುವೆ ಎದುರಿನಿಂದ ಬರುತ್ತಿರುವ ಮೂರನೆಯವನೊಬ್ಬ. ಮೋಟಾರು ಕಾಯಿದೆಯಲ್ಲಿ ಸುಮಾರು ನೂರು ವರ್ಷಗಳಿಂದ ಬರೆದು, ತಿದ್ದಿ, ಮತ್ತೆ ಬರೆದಿರುವ ಒಂದು ಸಣ್ಣ ಪ್ರಕರಣವೆಲ್ಲ ಈ ಮೂವರ ಸಂಬಂಧವನ್ನು ಕುರಿತದ್ದು. ರಸ್ತೆಯ ನಡುವೆ ಎಳೆದ ಬಣ್ಣದ ಗೆರೆಯೂ ಅದೇ ಸಂಬಂಧದ ಇನ್ನೊಂದು ರೂಪ. ಅಕ್ಷರದ ಕಾಯಿದೆ ಮೊದಲು ಬಂತೆ, ಗೆರೆ ಮೊದಲು ಬಂತೆ, ನಮ್ಮ ದೇಶಕ್ಕೆ ಇವೆರಡೂ ಬಂದ ಬಗೆ ಹೇಗೆ ಎಂಬುದು ಕುತೂಹಲದ ಚರಿತ್ರೆಯೇ ಆಗಿದೆ.

ಮುಂಬಯಿ ಕನ್ನಡಿಗರಾದ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಮೇ ತಿಂಗಳ ರಜೆಗೆ, ಚೌತಿಗೆ, ಮದುವೆ ಮುಂಜಿಗಳಿಗೆ, ಊರ ದೇವರ ಜಾತ್ರೆಗೆಂದು ವರ್ಷಕ್ಕೊಮ್ಮೆಯಾದರೂ ರಾತ್ರಿ ಬಸ್ಸು ಹತ್ತದ ಮನೆ ನಮ್ಮಲ್ಲಿ ಅಪರೂಪ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೂ ಬಸ್ಸನ್ನು ಬಿಡದವರು ಬೇಕಾದಷ್ಟು ಜನರಿದ್ದಾರೆ. ಕಿಟಕಿಯ ಪಕ್ಕ ಕುಳಿತವರು ನಿದ್ದೆ ಹೋಗುತ್ತಾರೆ. ಮುಂದಿನ ಸೀಟಿನಲ್ಲಿ ಕುಳಿತವರಿಗೆ ಮಾತ್ರ ಗೊತ್ತು, ಎರಡು ಪಥದ ರಸ್ತೆಯಲ್ಲಿ ಲಾರಿಯೊಂದನ್ನು ದಾಟುವಾಗ ಎದುರಿಗೆ ಎರಡು ದೀಪಗಳು ಕಾಣಿಸಿಕೊಂಡರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು.

ಕಾಯಿದೆಯ ಮಾತೇ ಮೊದಲು ಬಂತು. ಬ್ರಿಟನ್ನಿನಲ್ಲಿ ಕುದುರೆಗಾಡಿಗಳ ಕಾಲದಲ್ಲಿಯೇ, 1835ರ ಹೆದ್ದಾರಿ ಕಾಯಿದೆಯಲ್ಲಿ, ಗಾಡಿಗಳು ರಸ್ತೆಯ ಎಡಬದಿ ಹಿಡಿದು ಹೋಗಬೇಕೆಂದು ವಿಧಿಸಿದ್ದರು. ಆಂಗ್ಲರ ಆಳ್ವಿಕೆಯೊಡನೆ ಆ ಎಡಬದಿ ನಮಗೂ ಬಂತು. ಎಡಕ್ಕೆ ಹೋಗುವುದು ನಿಯಮವಾದ ಮೇಲೆ, ನಿಧಾನದ ಗಾಡಿಯನ್ನು ದಾಟುವವನು ಬಲಕ್ಕೆ ಬರಲೇಬೇಕು. ಬಲಕ್ಕೆ ಬಂದನೆಂದರೆ ಎದುರಿನವನ ಜಾಗಕ್ಕೆ ಕಾಲಿಟ್ಟ ಹಾಗೆಯೇ. ಗಂಟೆಗೆ ಐದಾರು ಮೈಲಿ ಹೋಗುವ ಎತ್ತಿನ ಬಂಡಿ, ಟಾಂಗಾಗಳ ಕಾಲಕ್ಕೆ ಇದೊಂದು ದೊಡ್ಡ ಸಂಗತಿಯಾಗಿರಲಿಲ್ಲ. ಹೆಚ್ಚೆಂದರೆ ಇಬ್ಬರು ಗಾಡಿಯವರು ಒಬ್ಬರನ್ನೊಬ್ಬರು ಬಯ್ದುಕೊಂಡಾರು. ಮೋಟಾರು ಬಂದ ಮೇಲೆ ಬಯ್ಯಲೂ ಸಮಯ ಉಳಿಯಲಿಲ್ಲ.

ಹಿಂದೂಸ್ತಾನಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ಕಾಯಿದೆ ಆದದ್ದು 1914ರಲ್ಲಿ. ಅದೊಂದು ಚಿಕ್ಕ ಕಾಯಿದೆ. ಲೈಸೆನ್ಸು ಇಲ್ಲದೆ ಓಡಿಸಬಾರದು, ಗಾಡಿಯನ್ನು ದಾಖಲು ಮಾಡಿಸಬೇಕು, ಜನರಿಗೆ ಅಪಾಯವಾಗುವಂತೆ ಓಡಿಸಬಾರದು ಎಂಬ ಸ್ಥೂಲವಾದ ಮಾತುಗಳಷ್ಟೇ ಅದರಲ್ಲಿದ್ದುವು; ಉಳಿದ ವಿವರಗಳನ್ನು ಪ್ರಾಂತಗಳ ಸರ್ಕಾರಗಳಿಗೆ ಬಿಟ್ಟಿದ್ದರು. ಹಿಂದಿಕ್ಕುವ ವಿಷಯದಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬೇಕಾದರೆ ಇನ್ನೂ ಕಾಲು ಶತಮಾನ ಕಾಯಬೇಕಾಯಿತು. 1939ರ ಮೋಟಾರು ವಾಹನಗಳ ಕಾಯಿದೆ ಅದೇ ವರ್ಷ ಜುಲೈ 1ರಂದು ಜಾರಿಗೆ ಬಂತು. ಅದರ ಹತ್ತನೆಯ ಅನುಸೂಚಿಯೇ ಡ್ರೈವರರ ಪಾಲಿನ ಪಂಚಾಂಗ. ಬೆಳೆದ ದೊಡ್ಡ ಕಾಯಿದೆಯ ಬಾಲದಲ್ಲಿ ಕುಳಿತ ಕೆಲವೇ ಕೆಲವು ಚಿಕ್ಕ ನಿಯಮಗಳು. ಓದಿದರೆ ಈಗಲೂ ಹಳತೆನಿಸುವುದಿಲ್ಲ.

ಸಾಧ್ಯವಾದಷ್ಟು ಎಡಕ್ಕೆ ಓಡಿಸು, ಎದುರಿನವರನ್ನು ನಿನ್ನ ಬಲಕ್ಕೆ ಬಿಡು ಎಂಬುದು ಮೊದಲನೆಯದು. ನಿನ್ನ ದಿಕ್ಕಿನಲ್ಲೇ ಹೋಗುವವರನ್ನು ಬಲದಿಂದ ದಾಟು ಎಂಬುದು ಎರಡನೆಯದು. ಇದಕ್ಕೆ ಹೊರತು ಯಾವುದು? ಮುಂದಿನವನು ಬಲಕ್ಕೆ ತಿರುಗುತ್ತೇನೆಂದು ಸನ್ನೆ ಮಾಡಿ ನಡುರಸ್ತೆಗೆ ಬಂದಿದ್ದರೆ ಅವನನ್ನು ಎಡದಿಂದ ದಾಟಬಹುದು. ಟ್ರಾಮನ್ನು ಯಾವ ಕಡೆಯಿಂದಲಾದರೂ ದಾಟಬಹುದು. ಆದರೆ ಜನ ಹತ್ತಿ ಇಳಿಯುವಾಗ ಎಡದಿಂದ ಟ್ರಾಮನ್ನು ದಾಟಕೂಡದು. ಮುಂಬಯಿಯ ಹಳಬರಿಗೆ ಈ ನಿಯಮದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1964ರ ಮಾರ್ಚ್ 31ರಂದು ಇಲ್ಲಿ ಕೊನೆಯ ಟ್ರಾಮು ಓಡಿತು; ಅಲ್ಲಿಂದ ಮುಂದೆ ಆ ಸಾಲು ಮುಂಬಯಿಯ ಮಟ್ಟಿಗೆ ಕಾಗದದ ಮೇಲಷ್ಟೇ ಉಳಿಯಿತು. ದಾಟುವುದರಿಂದ ಇತರರಿಗೆ ತೊಂದರೆ ಅಥವಾ ಅಪಾಯ ಆಗುವಂತಿದ್ದರೆ ದಾಟಬಾರದು, ತಿರುವು, ಮೂಲೆ, ದಿಬ್ಬ ಅಥವಾ ಇನ್ನಾವುದಾದರೂ ಅಡ್ಡಿಯಿಂದ ಮುಂದಿನ ರಸ್ತೆ ಸ್ಪಷ್ಟವಾಗಿ ಕಾಣದಿದ್ದರೆ ದಾಟಬಾರದು ಎಂಬುದು ನಾಲ್ಕನೆಯದು. ಐದನೆಯದು ನಮಗೆ ಬಹಳ ಹಿಡಿಸಿದ್ದು: ನಿನ್ನನ್ನು ಒಬ್ಬನು ದಾಟುತ್ತಿರುವಾಗ ನಿನ್ನ ವೇಗ ಹೆಚ್ಚಿಸಬೇಡ, ಅವನನ್ನು ತಡೆಯಬೇಡ. ಮನುಷ್ಯನ ಮತ್ಸರವನ್ನು ಇಷ್ಟು ನೇರವಾಗಿ ಗುರುತಿಸಿ ವಿಧಿ ಮಾಡಿದ ಕಾಯಿದೆಗಳು ವಿರಳ.

ಈ ಅನುಸೂಚಿಯಲ್ಲಿ ‘ರಸ್ತೆಯ ಮಧ್ಯಭಾಗ’ ಎಂಬ ಮಾತು ಬರುತ್ತದೆ. ಆ ಮಧ್ಯಭಾಗವನ್ನು ತೋರಿಸುವ ಗೆರೆಯ ಮಾತು ಮಾತ್ರ ಇಲ್ಲ. ಡ್ರೈವರನು ಅದನ್ನು ಕಣ್ಣಳತೆಯಲ್ಲಿ ಊಹಿಸಿಕೊಳ್ಳಬೇಕು. ಗೆರೆಯಾದರೋ ಅಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಹುಟ್ಟಿ ಬೆಳೆದು ದೊಡ್ಡದಾಗಿತ್ತು.

ಅಮೆರಿಕದ ಮಿಶಿಗನ್ ರಾಜ್ಯದ ವೇಯ್ನ್ ಕೌಂಟಿಯಲ್ಲಿ, ಎಂದರೆ ಡೆಟ್ರಾಯಿಟ್ ನಗರದ ಸುತ್ತಿನ ಪ್ರದೇಶದಲ್ಲಿ, 1906ರಲ್ಲಿ ಒಂದು ರಸ್ತೆ ಮಂಡಳಿ ರಚನೆಯಾಯಿತು. ಸಾಕ್ಷಾತ್ ಹೆನ್ರಿ ಫೋರ್ಡರೇ ಅದರ ಮೊದಲ ಸದಸ್ಯರಲ್ಲೊಬ್ಬರು. ಇನ್ನೊಬ್ಬರು ಎಡ್ವರ್ಡ್ ಹೈನ್ಸ್. ಇವರು ಮೂಲತಃ ಸೈಕಲ್ ಸವಾರರು. ಒಳ್ಳೆಯ ರಸ್ತೆಗಳು ಬೇಕೆಂಬ ಚಳವಳಿ ಅಲ್ಲಿ ಮೋಟಾರಿಗಿಂತ ಮೊದಲು ಸೈಕಲ್ಲಿನವರಿಂದ ಶುರುವಾದದ್ದು. 1911ರಲ್ಲಿ ಟ್ರೆಂಟನ್ ಎಂಬಲ್ಲಿಯ ರಿವರ್ ರೋಡಿನ ನಡುವೆ ಹೈನ್ಸರು ಒಂದು ಗೆರೆ ಎಳೆಸಿದರು. ಮೋಟಾರು ರಸ್ತೆಯ ಮೊದಲ ನಡುಗೆರೆ ಎಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವುದು ಇದನ್ನೇ. ಮುಂದೆ ಹೋಗುತ್ತಿದ್ದ ಹಾಲಿನ ಗಾಡಿಯೊಂದು ಸೋರಿ ರಸ್ತೆಯ ಮೇಲೆ ಬಿಳಿಯ ಗೆರೆ ಮೂಡಿಸಿದ್ದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂದು ಕಥೆ ಹೇಳುತ್ತಾರೆ. ನ್ಯೂಟನ್ನನ ಸೇಬಿನ ಜಾತಿಗೆ ಸೇರಿದ ಕಥೆ ಇದು. ಕೇಳಲು ಚೆನ್ನಾಗಿದೆ, ಇರಲಿ.

ಅದಕ್ಕಿಂತ ನಮ್ಮ ಮನಸ್ಸಿಗೆ ನಾಟುವುದು ಕ್ಯಾಲಿಫೋರ್ನಿಯದ ಡಾಕ್ಟರ್ ಜೂನ್ ಮೆಕ್ಯಾರಲ್ ಅವರ ವೃತ್ತಾಂತ. ಮರುಭೂಮಿಯ ಅಂಚಿನ ಇಂಡಿಯೊ ಎಂಬ ಊರಿನ ವೈದ್ಯೆ ಆಕೆ. ಹೆಂಗಸರು ವೈದ್ಯರಾಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, ದೂರದೂರದ ರೋಗಿಗಳನ್ನು ನೋಡಿಬರುತ್ತಿದ್ದರು. ಅಲ್ಲಿಯ ಮೂಲನಿವಾಸಿಗಳ ಹಟ್ಟಿಗಳಿಗೂ ಹೋಗಿ ಚಿಕಿತ್ಸೆ ಮಾಡುತ್ತಿದ್ದರು. 1917ರಲ್ಲಿ ಒಂದು ದಿನ ಆಕೆ ತನ್ನ ಫೋರ್ಡ್ ಕಾರಿನಲ್ಲಿ ಮನೆಗೆ ಮರಳುತ್ತಿದ್ದಾಗ, ರಸ್ತೆಯ ನಡುಭಾಗವನ್ನೆಲ್ಲ ಆಕ್ರಮಿಸಿಕೊಂಡು ಎದುರಿಗೆ ಬಂದ ದೊಡ್ಡ ಲಾರಿಯೊಂದರಿಂದ ತಪ್ಪಿಸಿಕೊಳ್ಳಲು ಕಾರನ್ನು ಮರಳಿಗೆ ಇಳಿಸಬೇಕಾಯಿತು. ಯಾರ ಜಾಗ ಎಲ್ಲಿಯವರೆಗೆ ಎಂಬುದನ್ನು ರಸ್ತೆಯ ಮೇಲೆಯೇ ಬರೆದುಬಿಟ್ಟರೆ ಹೇಗೆ ಎಂದು ಯೋಚಿಸಿದ ಆಕೆ ಕೌಂಟಿಯ ಅಧಿಕಾರಿಗಳ ಬಳಿಗೆ ಹೋದರು. ಅವರು ಕೇಳಿಕೊಂಡರು, ಅಷ್ಟೆ; ಏನೂ ಮಾಡಲಿಲ್ಲ. ಕಡೆಗೆ ಆಕೆಯೇ ಬಣ್ಣ, ಕುಂಚ ಹಿಡಿದು, ರಸ್ತೆಯಲ್ಲಿ ಮಂಡಿಯೂರಿ, ನಾಲ್ಕು ಅಂಗುಲ ಅಗಲದ ಬಿಳಿಯ ಗೆರೆಯನ್ನು ಸುಮಾರು ಒಂದು ಮೈಲಿಯಷ್ಟು ಎಳೆದರಂತೆ. ಮುಂದೆ ಮಹಿಳಾ ಸಂಘಗಳ ಮೂಲಕ ಪತ್ರ ಬರೆಸುತ್ತ, ಒತ್ತಾಯಿಸುತ್ತ ಹೋದರು. 1924ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ತನ್ನ ಹೆದ್ದಾರಿಗಳಿಗೆ ನಡುಗೆರೆಯನ್ನು ಒಪ್ಪಿಕೊಂಡು ಮೂರೂವರೆ ಸಾವಿರ ಮೈಲಿಯಷ್ಟು ಎಳೆಸಿತು. 2002ರಲ್ಲಿ ಇಂಡಿಯೊ ಬಳಿಯ ಹೆದ್ದಾರಿಯ ಒಂದು ಭಾಗಕ್ಕೆ ಆಕೆಯ ಹೆಸರಿಟ್ಟರು. ಆಕೆ ತೀರಿಕೊಂಡು ಆಗಲೇ ಅರ್ಧ ಶತಮಾನವಾಗುತ್ತ ಬಂದಿತ್ತು.

ಅದೇ 1917ರಲ್ಲಿ ಮಿಶಿಗನ್ನಿನ ಮಾರ್ಕ್ವೆಟ್ ಎಂಬಲ್ಲಿ ‘ಸತ್ತವನ ತಿರುವು’ ಎಂಬ ಹೆಸರು ಹೊತ್ತಿದ್ದ ಒಂದು ತಿರುವಿನಲ್ಲಿಯೂ, ಆರೆಗಾನ್ ರಾಜ್ಯದ ಕೊಲಂಬಿಯ ನದಿಯ ದಡದ ಬೆಟ್ಟದ ರಸ್ತೆಯಲ್ಲಿಯೂ ಗೆರೆಗಳು ಬಿದ್ದುವು. ಹೆಸರುಗಳನ್ನು ಗಮನಿಸಿದರೆ ಸಾಕು. ಗೆರೆ ಬಿದ್ದದ್ದು ಮುಂದಿನದು ಕಾಣದ ತಿರುವಿನಲ್ಲಿ, ಘಾಟಿಯಲ್ಲಿ. ನೇರ ರಸ್ತೆಗೆ ಅದು ಬಂದದ್ದು ಆಮೇಲೆ.

ಬ್ರಿಟನ್ನಿನಲ್ಲಿ 1920ರ ದಶಕದಲ್ಲಿ ಬಿಳಿಗೆರೆಗಳು ಹರಡಿದುವು. ಅಲ್ಲಿ ಬಹಳ ಕಾಲ ಅವು ಬುದ್ಧಿವಾದವಾಗಿದ್ದುವೇ ಹೊರತು ಕಟ್ಟಳೆಯಾಗಿರಲಿಲ್ಲ. 1959ರಲ್ಲಿ ಜೋಡಿ ಬಿಳಿಗೆರೆಯ ಪದ್ಧತಿ ಬಂತು: ನಿನ್ನ ಕಡೆಯ ಗೆರೆ ಅಖಂಡವಾಗಿದ್ದರೆ ದಾಟಕೂಡದು, ತುಂಡುತುಂಡಾಗಿದ್ದರೆ ನೋಡಿಕೊಂಡು ದಾಟಬಹುದು. ಒಂದೇ ಜಾಗದಲ್ಲಿ ಒಬ್ಬನಿಗೆ ಅನುಮತಿ, ಎದುರಿನವನಿಗೆ ನಿಷೇಧ. ದಿಬ್ಬ ಹತ್ತುವವನಿಗೆ ಮುಂದಿನದು ಕಾಣದು, ಇಳಿದು ದೂರ ಹೋಗುವವನಿಗೆ ಕಾಣುತ್ತದೆ ಎಂಬ ಸರಳ ಸತ್ಯವನ್ನು ಎರಡು ಗೆರೆಗಳಲ್ಲಿ ಹೇಳಿಬಿಟ್ಟರು. ಬಣ್ಣ ಯಾವುದೆಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಎದುರುಬದುರು ಸಂಚಾರವನ್ನು ಬೇರ್ಪಡಿಸುವ ಗೆರೆ ಹಳದಿಯೇ ಆಗಿರಬೇಕೆಂದು ಅಮೆರಿಕ 1971ರಲ್ಲಿ ಗೊತ್ತುಮಾಡಿತು. ಬ್ರಿಟನ್ನು ಬಿಳಿಯನ್ನೇ ಉಳಿಸಿಕೊಂಡಿತು.

ಗೆರೆಗೆ ಕಣ್ಣು ಬಂದ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್ ಊರಿನ ಪರ್ಸಿ ಷಾ ಎಂಬವರು 1934ರಲ್ಲಿ ‘ಬೆಕ್ಕಿನ ಕಣ್ಣು’ ಎಂಬ ಸಾಧನಕ್ಕೆ ಪೇಟೆಂಟು ಪಡೆದರು. ಮಂಜು ಕವಿದ ರಾತ್ರಿಗಳಲ್ಲಿ ಟ್ರಾಮಿನ ಹಳಿಗಳ ಹೊಳಪೇ ಅಲ್ಲಿಯ ಡ್ರೈವರರಿಗೆ ದಾರಿ ತೋರುತ್ತಿತ್ತು. ಹಳಿ ಕಿತ್ತ ಮೇಲೆ ಆ ಆಸರೆಯೂ ಹೋಯಿತು. ರಬ್ಬರಿನ ಕವಚದಲ್ಲಿ ಕೂರಿಸಿದ ಗಾಜಿನ ಗುಂಡುಗಳು ಕಾರಿನ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಚಕ್ರ ಹತ್ತಿದಾಗ ರಬ್ಬರು ಕುಗ್ಗಿ ಒಳಗೆ ನಿಂತ ಮಳೆನೀರಿನಿಂದ ಗಾಜನ್ನು ಒರೆಸುತ್ತದೆ, ಕಣ್ಣು ಮಿಟುಕಿಸಿದಂತೆ. ಎರಡನೆಯ ಮಹಾಯುದ್ಧದ ಕತ್ತಲೆಯ ಕಾಲದಲ್ಲಿ ಇದಕ್ಕೆ ಬಹಳ ಬೇಡಿಕೆ ಬಂತು. ಇಂದು ರಸ್ತೆಯ ಬಣ್ಣದಲ್ಲಿಯೇ ಸಣ್ಣ ಗಾಜಿನ ಮಣಿಗಳನ್ನು ಬೆರೆಸುವುದು, ಮೇಲೆ ಚಿಮುಕಿಸುವುದು ಇದೇ ತತ್ತ್ವದಿಂದ. ಮಣಿಗಳು ಉದುರಿದ ಗೆರೆ ಹಗಲು ಬೆಳ್ಳಗಿದ್ದರೂ ರಾತ್ರಿಗೆ ಕುರುಡು.

ನಮ್ಮ ದೇಶದಲ್ಲಿ ರಸ್ತೆಗಳ ಬಗ್ಗೆ ಅಖಿಲ ಭಾರತ ಮಟ್ಟದ ಯೋಚನೆ ಶುರುವಾದದ್ದು ಮುಂಬಯಿಯವರೇ ಆದ ಬ್ಯಾರಿಸ್ಟರ್ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿಯಿಂದ. ಅದರ ಸಲಹೆಯ ಫಲವಾಗಿ 1929ರಲ್ಲಿ ಪೆಟ್ರೋಲಿನ ಮೇಲಿನ ತೆರಿಗೆಯಿಂದ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರರ ಸಂಸ್ಥೆ ಹುಟ್ಟಿದುವು. ರಸ್ತೆಯ ಮೇಲೆ ಬಣ್ಣದ ಗುರುತುಗಳನ್ನು ಹೇಗೆ ಹಾಕಬೇಕೆಂಬ ಸಂಹಿತೆಯನ್ನು ಈ ಸಂಸ್ಥೆ ಪ್ರಕಟಿಸಿದ್ದು 1970ರಲ್ಲಿ; 1997ರಲ್ಲಿಯೂ 2015ರಲ್ಲಿಯೂ ಅದನ್ನು ಪರಿಷ್ಕರಿಸಿದರು. ಹತ್ತನೆಯ ಅನುಸೂಚಿಗೂ ಈ ಸಂಹಿತೆಗೂ ನಡುವೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಲಕ್ಷಾಂತರ ಡ್ರೈವರುಗಳು ಗೆರೆಯಿಲ್ಲದ ರಸ್ತೆಯಲ್ಲಿ ಕಲಿತು, ಮುಂದಿನವರಿಗೆ ಕಲಿಸಿಯೂ ಆಗಿತ್ತು. ನಮ್ಮಲ್ಲಿ ಗೆರೆಯನ್ನು ರಸ್ತೆಯ ಅಲಂಕಾರವೆಂದು ಕಾಣುವ ಅಭ್ಯಾಸಕ್ಕೆ ಇದೂ ಒಂದು ಕಾರಣವೆಂದು ನಮ್ಮ ಎಣಿಕೆ.

ಎಲ್ಲಿ ತುಂಡುಗೆರೆ, ಎಲ್ಲಿ ಅಖಂಡಗೆರೆ ಎಂಬುದನ್ನು ಯಾರೋ ಮನಬಂದಂತೆ ಹಾಕುವುದಿಲ್ಲ. ಅದರ ಹಿಂದೆ ಲೆಕ್ಕವಿದೆ. ಹಿಂದಿಕ್ಕುವವನಿಗೆ ಮುಂದೆ ಎಷ್ಟು ದೂರದ ರಸ್ತೆ ಕಾಣಬೇಕೆಂದು ರೋಡ್ಸ್ ಕಾಂಗ್ರೆಸ್ 1976ರಲ್ಲಿ ಒಂದು ಪಟ್ಟಿ ಕೊಟ್ಟಿತು. ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ 235 ಮೀಟರು, 80ಕ್ಕೆ 470 ಮೀಟರು, 100ಕ್ಕೆ 640 ಮೀಟರು. ಅದೇ 80ರ ವೇಗದಲ್ಲಿ ಗಾಡಿಯನ್ನು ಸುಮ್ಮನೆ ನಿಲ್ಲಿಸಲು 120 ಮೀಟರು ಕಂಡರೆ ಸಾಕು. ಎಂದರೆ ನಿಲ್ಲಲು ಬೇಕಾದುದಕ್ಕಿಂತ ದಾಟಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟು. ಏಕೆಂದು ಓದುಗರೇ ಕಾಗದದ ಮೇಲೆ ಕೂಡಿಸಿ ನೋಡಬಹುದು. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಹೋಗುತ್ತದೆ. ಎದುರಿನವನೂ ಅಷ್ಟೇ ವೇಗದಲ್ಲಿ ಬರುತ್ತಿದ್ದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 44 ಮೀಟರಿನಂತೆ ಕರಗುತ್ತದೆ. ಹೆಚ್ಚು ಕಡಿಮೆ ಅರ್ಧ ಕಿಲೋಮೀಟರೆಂದು ಕಾಣುವ 470 ಮೀಟರು ಹತ್ತೂವರೆ ಸೆಕೆಂಡಿನಲ್ಲಿ ಮುಗಿದು ಹೋಯಿತು. ತುಂಬಿದ ಬಸ್ಸು, ಉದ್ದನೆಯ ಟ್ರೇಲರನ್ನು ದಾಟಿ ಮತ್ತೆ ತನ್ನ ಎಡಕ್ಕೆ ಸೇರಲು ಹಿಡಿಯುವ ಕಾಲವೂ ಸರಿಸುಮಾರು ಅಷ್ಟೇ. ತಿರುವಿನಲ್ಲೋ ದಿಬ್ಬದಲ್ಲೋ ಅಷ್ಟು ದೂರ ಕಾಣುವುದಿಲ್ಲವೆಂದು ಎಂಜಿನಿಯರನು ಅಳೆದು ನೋಡಿ ಅಲ್ಲಿ ಅಖಂಡಗೆರೆ ಹಾಕಿಸುತ್ತಾನೆ. ರಾತ್ರಿ ಎರಡು ಗಂಟೆಗೆ ಡ್ರೈವರನು ಮಾಡಲಾರದ ಲೆಕ್ಕವನ್ನು ಇನ್ನೊಬ್ಬನು ಹಗಲಿನಲ್ಲಿ ಮಾಡಿ ನೆಲದ ಮೇಲೆ ಬರೆದಿಟ್ಟಿದ್ದಾನೆ.

ಐವತ್ತು ವರ್ಷ ನಡೆದ 1939ರ ಕಾಯಿದೆ ಹೋಗಿ 1988ರ ಕಾಯಿದೆ ಬಂತು. ಕಾಕತಾಳೀಯವೋ ಏನೋ, ಇದೂ ಜಾರಿಯಾದದ್ದು ಜುಲೈ 1ರಂದೇ, 1989ರಲ್ಲಿ. ಅದರೊಡನೆ ಬಂದ ರಸ್ತೆ ನಿಯಮಗಳಲ್ಲಿ ಗೆರೆಗೆ ಕಡೆಗೂ ಸ್ಥಾನ ಸಿಕ್ಕಿತು: ರಸ್ತೆಯನ್ನು ವಿಭಾಗಿಸುವ ಹಳದಿ ಗೆರೆಯಿದ್ದರೆ, ಒಂದೇ ದಿಕ್ಕಿನಲ್ಲಿ ಹೋಗುವ ವಾಹನಗಳು ಒಂದನ್ನೊಂದು ಹಿಂದಿಕ್ಕುವಾಗ ಅದನ್ನು ದಾಟಬಾರದು. ಹಿಂದಿಕ್ಕಬಾರದ ಸಂದರ್ಭಗಳಿಗೂ ಎರಡು ಸೇರಿದುವು. ನಿನ್ನ ಹಿಂದಿನವನು ಆಗಲೇ ನಿನ್ನನ್ನು ದಾಟಲು ಶುರುಮಾಡಿದ್ದರೆ ನೀನು ಹೊರಡಬೇಡ. ಮುಂದಿನವನು ದಾಟಬಹುದೆಂದು ಸನ್ನೆ ಮಾಡದಿದ್ದರೂ ಹೊರಡಬೇಡ. ಈ ಎರಡನೆಯದರಿಂದ ನಮ್ಮ ಡ್ರೈವರರ ‘ಸೈಡ್ ಕೊಡುವುದು’ ಶಾಸನದ ಮಾತೇ ಆಗಿಹೋಯಿತೆನ್ನಬೇಕು.

ಆ ಸನ್ನೆಯ ವಿಷಯ ಸ್ವಲ್ಪ ತೊಡಕಿನದು. ಬಲಗೈಯನ್ನು ಹೊರಚಾಚಿ ಮುಂದಕ್ಕೂ ಹಿಂದಕ್ಕೂ ಅರ್ಧವೃತ್ತವಾಗಿ ಬೀಸುವುದು ‘ನೀನು ದಾಟು’ ಎಂಬುದರ ಸನ್ನೆ. 1939ರಿಂದಲೂ ಹಾಗೆಯೇ ಇದೆ. ಬಲಕ್ಕೆ, ಎಡಕ್ಕೆ ತಿರುಗುವ ಸನ್ನೆಗಳಿಗೆ ಬದಲಾಗಿ ಮಿನುಗುವ ದೀಪಗಳು ಬಂದುವು. ಈ ಬೀಸುವ ಕೈಗೆ ಮಾತ್ರ ಯಾರೂ ದೀಪ ಮಾಡಲಿಲ್ಲ. ಹಾಗಾಗಿ ಲಾರಿಯವರು ತಾವೇ ಒಂದು ಭಾಷೆ ಕಟ್ಟಿಕೊಂಡರು: ಬಲಗಡೆಯ ಇಂಡಿಕೇಟರ್ ಹಾಕಿದರೆ ‘ಮುಂದೆ ಖಾಲಿಯಿದೆ, ಹೋಗು’ ಎಂದು. ಕಾಯಿದೆಯ ಪ್ರಕಾರ ಅದೇ ದೀಪದ ಅರ್ಥ ‘ನಾನು ಬಲಕ್ಕೆ ತಿರುಗುತ್ತಿದ್ದೇನೆ’ ಎಂದು. ಒಂದೇ ದೀಪಕ್ಕೆ ಎರಡು ಅರ್ಥ, ಅವೆರಡೂ ಒಂದಕ್ಕೊಂದು ವೈರಿ. ತಪ್ಪಾಗಿ ಓದಿಕೊಂಡವನು ದಾಟಹೊರಟ ಕ್ಷಣಕ್ಕೇ ಮುಂದಿನ ಲಾರಿ ಬಲಕ್ಕೆ ತಿರುಗೀತು. ಹಿಂದೆ ಲಾರಿಯ ಎಡಬಾಗಿಲಿನಲ್ಲಿ ನಿಂತ ಕ್ಲೀನರು ಹುಡುಗನಾದರೂ ಕೈ ಬೀಸುತ್ತಿದ್ದ. ಗಾಜು ಮುಚ್ಚಿದ ಎ.ಸಿ. ಬಸ್ಸುಗಳಲ್ಲಿ ಆ ಕೈಯೂ ಇಲ್ಲ.

ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಕೂಡ ಈ ಸೈಡ್ ವ್ಯವಹಾರದ್ದೇ. ನಡುವಣ ‘ಓಕೆ’ ಎಲ್ಲಿಂದ ಬಂತೆಂಬುದಕ್ಕೆ ನಾನಾ ಕಥೆಗಳಿವೆ, ಪುರಾವೆ ಯಾವುದಕ್ಕೂ ಇಲ್ಲ. ಈ ಬರಹವು ಅನಾವಶ್ಯಕವಾಗಿ ಹಾರ್ನು ಹೊಡೆಯಲು ಪ್ರೇರಿಸುತ್ತದೆಂದು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಇದನ್ನು ನಿಷೇಧಿಸಿತು. ನಿಷೇಧದ ಮೇಲೂ ಹೆದ್ದಾರಿಯಲ್ಲಿ ಅದು ಕಣ್ಣಿಗೆ ಬೀಳುತ್ತಲೇ ಇದೆ.

1989ರ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂತು. 2019ರ ತಿದ್ದುಪಡಿಯು ಕಾಯಿದೆಗೆ ವಿರುದ್ಧವಾಗಿ ಹಿಂದಿಕ್ಕುವುದನ್ನು ‘ಅಪಾಯಕಾರಿ ಚಾಲನೆ’ಯೆಂದು ಹೆಸರಿಸಿಯೇ ಹೇಳಿ, ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಸಾವಿರದಿಂದ ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ಗೊತ್ತುಮಾಡಿತು. ಕಾಯಿದೆ ಬಿಗಿಯಾಗುತ್ತ ಬಂದದ್ದು ನಿಜ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರೆಲ್ಲರೂ ಹಿಂದಿಕ್ಕುವಿಕೆಯಿಂದಲೇ ಸತ್ತವರಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ನಮ್ಮ ಊರಿನ ದಾರಿಯ ಮಾತು ಬಂದಾಗ ಹುಬ್ಬಳ್ಳಿ–ಧಾರವಾಡದ ಬೈಪಾಸನ್ನು ನೆನೆಯದೆ ಇರಲಾಗದು. ಪುಣೆಯಿಂದ ಬೆಂಗಳೂರಿನವರೆಗೆ ಹೆದ್ದಾರಿ ನಾಲ್ಕು ಪಥವಾಗಿ, ನಡುವೆ ವಿಭಜಕ ಬಂದ ಮೇಲೂ, ಸುಮಾರು ಮೂವತ್ತು ಕಿಲೋಮೀಟರಿನ ಈ ತುಣುಕು ಎರಡೇ ಪಥದ್ದಾಗಿ ಉಳಿಯಿತು. ನೂರಾರು ಕಿಲೋಮೀಟರು ಎದುರಿನವನ ಭಯವಿಲ್ಲದೆ ಬಂದ ಡ್ರೈವರನು ಅದೇ ವೇಗದಲ್ಲಿ, ಅದೇ ಅಭ್ಯಾಸದಲ್ಲಿ ಇದರೊಳಗೆ ನುಗ್ಗುತ್ತಿದ್ದ. 2021ರ ಜನವರಿ 15ರ ಬೆಳಿಗ್ಗೆ, ಸಂಕ್ರಾಂತಿಯ ಮರುದಿನ, ಧಾರವಾಡದ ಹತ್ತಿರ ಇಟಿಗಟ್ಟಿಯ ಬಳಿ ಒಂದು ಟೆಂಪೊ ಟ್ರಾವೆಲರಿಗೂ ಟಿಪ್ಪರಿಗೂ ಡಿಕ್ಕಿಯಾಯಿತು. ಗೋವೆಗೆಂದು ದಾವಣಗೆರೆಯಿಂದ ಹೊರಟಿದ್ದ ಬಾಲ್ಯದ ಗೆಳತಿಯರು ಅದರಲ್ಲಿದ್ದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ರಸ್ತೆಯನ್ನು ಅಗಲಿಸಬೇಕೆಂದು ಅದಕ್ಕೆ ಮುಂಚೆಯೂ ಜನ ಕೇಳುತ್ತಲೇ ಇದ್ದರು; ಆ ಬೆಳಗಿನ ನಂತರ ಕೂಗು ಜೋರಾಯಿತು. 2022ರಲ್ಲಿ ಆರು ಪಥಕ್ಕೆ ಅಗಲಿಸುವ ಕೆಲಸಕ್ಕೆ ಶಂಕುಸ್ಥಾಪನೆಯಾಯಿತು.

ಇದೇ ದಾರಿಯಲ್ಲಿ, ಪುಣೆ–ಸಾತಾರಾ ನಡುವಿನ ಖಂಬಾಟಕಿ ಘಾಟಿಯಲ್ಲಿ, ಹೋಗುವವರಿಗೆ ಹಳೆಯ ಘಾಟಿಯನ್ನೂ ಬರುವವರಿಗೆ ಸುರಂಗವನ್ನೂ ಕೊಟ್ಟು ಇಬ್ಬರನ್ನೂ ಬೇರೆ ಮಾಡಿದ್ದರು. 2002ರಲ್ಲಿ ಪೂರ್ಣವಾದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹಾದಿಯಲ್ಲೂ ಎದುರು ಗಾಡಿಯೆಂಬುದಿಲ್ಲ. ಎದುರುಬದುರಾಗಿ ಬರುವವರ ನಡುವೆ ಗೋಡೆಯೋ ಬೆಟ್ಟವೋ ಬಂದರೆ ನಡುಗೆರೆಗೆ ಕೆಲಸವಿಲ್ಲ.

ಆದರೆ ಹೆದ್ದಾರಿಯಲ್ಲೇ ಯಾರ ಊರೂ ಇಲ್ಲ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿದು, ಇಲ್ಲವೆ ಬೈಲಹೊಂಗಲದ ಕಡೆಗೆ ಹೊರಳಿ, ಬಸ್ಸು ಊರಿನ ರಸ್ತೆಗೆ ಬಂದಾಗ ನಡುಗೆರೆ ಕೆಲವೆಡೆ ಮಾಸಿರುತ್ತದೆ, ಕೆಲವೆಡೆ ಹೊಸ ಡಾಂಬರಿನ ಕೆಳಗೆ ಹೂತುಹೋಗಿರುತ್ತದೆ, ಎಷ್ಟೋ ಕಡೆ ಎಂದೂ ಇದ್ದಿರುವುದೇ ಇಲ್ಲ. ಅಲ್ಲಿ ನಡೆಯುವುದು ಹತ್ತನೆಯ ಅನುಸೂಚಿಯ ಆ ಹಳೆಯ ಕಣ್ಣಳತೆಯ ಕಾಯಿದೆಯೇ. ಕಿರಿದಾದ ಘಾಟಿಯಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕೆಂದು 1989ರ ನಿಯಮಗಳು ಬರೆದು ಹೇಳಿದುವು. ನಮ್ಮ ಘಟ್ಟದ ರಸ್ತೆಗಳಲ್ಲಿ ಹೇರು ಹೊತ್ತ ಎತ್ತಿನ ಗಾಡಿಯವರು ಪ್ರಾಯಶಃ ಅದಕ್ಕೆ ಎಷ್ಟೋ ಮೊದಲಿನಿಂದಲೂ ಹಾಗೆಯೇ ನಿಂತು ದಾರಿ ಬಿಡುತ್ತಿದ್ದರು.